ಚುಕ್ಕೆ ಇಲ್ಲದ ಪ್ರಶ್ನೆ

ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆಗೆ ಮೈಸೂರು ರಸ್ತೆಯಲ್ಲಿ ಹೋಗುವವರಿಗೆ ವೃಷಭಾವತಿ ಹೊಳೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳ ಕೊಳಚೆ ಇಳಿಯುವುದು ಈ ಕಣಿವೆಗೇ. ಇಲ್ಲಿಂದ ಹರಿದ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಜೊತೆಗೂಡಿ ಕಾವೇರಿಗೆ ಹೋಗುತ್ತದೆ. ಇದಕ್ಕೆ ಹೊಣೆ ಯಾರೆಂದು ವಿಚಾರಿಸಲು ಹೊರಟವರು ಸುಸ್ತಾಗುತ್ತಾರೆ. ಒಳಚರಂಡಿ ಜಲಮಂಡಳಿಯದು, ರಾಜಕಾಲುವೆಯ ತಡೆಗೋಡೆ ಪಾಲಿಕೆಯದು, ಕಾರ್ಖಾನೆಯ ತ್ಯಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಕೊನೆಗೆ ಸಿಗುವ ಕೆರೆ ನೀರಾವರಿಯವರದು. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಈ ಎಲ್ಲ ಕಚೇರಿಗಳೂ ದಿನಾಂಕ ಹಾಕಿ, ಸಚಿವರ ಹೆಸರಿನಲ್ಲಿ, ಬರಹದಲ್ಲಿ ಉತ್ತರ ಕೊಡಬೇಕಾದ ಒಂದು ಜಾಗವಿದೆ. ಅದು ವಿಧಾನಮಂಡಲ. ಅಲ್ಲಿ ಶಾಸಕರು ಬರೆದು ಕೇಳುವ ಪ್ರಶ್ನೆಯ ಬಗ್ಗೆ ಈ ಅಧ್ಯಾಯ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳುತ್ತಾರೆ. ಕೇಳಿದವರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಟಿವಿಯಲ್ಲಿ ಕಾಣುವುದು, ಮರುದಿನದ ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಇದೇ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಅದನ್ನು ಸದನದಲ್ಲಿ ಮಂಡಿಸುತ್ತಾರೆ, ಅಷ್ಟಕ್ಕೆ ಮುಗಿಯಿತು. ಲೋಕಸಭೆಯ ಲೆಕ್ಕ ನೋಡಿ: ಒಂದು ದಿನದ ಪಟ್ಟಿಗೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಇಲ್ಲದವು 230ರವರೆಗೆ. ಆ ಇಪ್ಪತ್ತರಲ್ಲೂ ಕೆಲವು ಮುಗಿಯುವಷ್ಟರಲ್ಲಿ ಪ್ರಶ್ನೋತ್ತರದ ಒಂದು ಗಂಟೆ ಮುಗಿದಿರುತ್ತದೆ. ಉಳಿದವಕ್ಕೂ ಉತ್ತರ ಕಾಗದದ ಮೇಲೆಯೇ ಸಿಗುವುದು.

ಕಾಗದದ ಉತ್ತರ ಎರಡನೇ ದರ್ಜೆಯದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಯಿಮಾತಿನ ಉತ್ತರದಲ್ಲಿ ಸಚಿವರ ಮಾತುಗಾರಿಕೆ ಅರ್ಧ ಕೆಲಸ ಮಾಡುತ್ತದೆ, ಇನ್ನರ್ಧ ಗದ್ದಲದಲ್ಲಿ ಕಳೆದುಹೋಗುತ್ತದೆ. ಅನುಬಂಧದಲ್ಲಿ ಪಟ್ಟಿಯಾಗಿ ಬಂದ ಅಂಕಿ ಹತ್ತು ವರ್ಷ ಕಳೆದ ಮೇಲೂ ಅಲ್ಲೇ ಇರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತು ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಾಗ ಉಳಿದುಕೊಂಡದ್ದು ಚುಕ್ಕೆ ಇಲ್ಲದ ಪ್ರಶ್ನೆಗಳೇ.

ಪ್ರಶ್ನೆಯೊಂದು ಹೋಗುವ ದಾರಿಯನ್ನು ತಿಳಿದರೆ ಅದರ ಬಲ ಗೊತ್ತಾಗುತ್ತದೆ. ಶಾಸಕರು ಕೊಟ್ಟ ಸೂಚನೆ ಮೊದಲು ವಿಧಾನಸಭೆಯ ಸಚಿವಾಲಯಕ್ಕೆ ಹೋಗುತ್ತದೆ. ಅದು ನ್ಯಾಯಾಲಯದಲ್ಲಿರುವ ವಿಷಯವೇ, ಬರೀ ಅಭಿಪ್ರಾಯ ಕೇಳುತ್ತಿದೆಯೇ, ರಾಜ್ಯ ಸರ್ಕಾರದ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಿ ಸಭಾಧ್ಯಕ್ಷರ ಒಪ್ಪಿಗೆಯೊಂದಿಗೆ ಅಂಗೀಕರಿಸುತ್ತಾರೆ. ಇಲಾಖೆಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ವಾರದ ಒಂದೊಂದು ದಿನ ಗೊತ್ತುಮಾಡಿರುತ್ತಾರೆ. ಹಾಗಾಗಿ ಉತ್ತರದ ದಿನಾಂಕ ಮೊದಲೇ ನಿಶ್ಚಯವಾಗಿರುತ್ತದೆ. ಅಲ್ಲಿಂದ ಪ್ರಶ್ನೆ ಇಲಾಖೆಗೆ ಇಳಿಯುತ್ತದೆ. ಕಚೇರಿಗಳಲ್ಲಿ ಇದಕ್ಕೆ ಎಲ್‌ಎಕ್ಯು ಎನ್ನುತ್ತಾರೆ. ವಿಧಾನ ಪರಿಷತ್ತಿನಿಂದ ಬಂದರೆ ಎಲ್‌ಸಿಕ್ಯು. ನಗರಾಭಿವೃದ್ಧಿ ಇಲಾಖೆಯಿಂದ ಜಲಮಂಡಳಿಗೆ, ಮಂಡಳಿಯಿಂದ ಮುಖ್ಯ ಎಂಜಿನಿಯರಿಗೆ, ಅವರಿಂದ ಕಾರ್ಯಪಾಲಕ ಎಂಜಿನಿಯರಿಗೆ, ಕೊನೆಗೆ ಆ ಮೋರಿಯನ್ನು ದಿನಾ ನೋಡುವ ಸಹಾಯಕ ಎಂಜಿನಿಯರಿಗೆ. ಅವರು ತುಂಬಿದ ಅಂಕಿ ಅದೇ ಮೆಟ್ಟಿಲುಗಳನ್ನು ಹತ್ತಿ, ಒಬ್ಬೊಬ್ಬರ ಸಹಿ ಪಡೆದು ಸಚಿವರ ಮುಂದೆ ಬರುತ್ತದೆ. ಅಧಿವೇಶನದ ದಿನಗಳಲ್ಲಿ ‘ಎಲ್‌ಎಕ್ಯು ಇದೆ’ ಎಂದರೆ ಉಳಿದ ಕಡತಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಸದನಕ್ಕೆ ಸುಳ್ಳು ಮಾಹಿತಿ ಹೋದರೆ ಹಕ್ಕುಚ್ಯುತಿಯಾಗುತ್ತದೆಂಬ ಭಯ ಎಲ್ಲ ಹಂತದಲ್ಲೂ ಇರುತ್ತದೆ. ಸಾಮಾನ್ಯ ಅರ್ಜಿಗೆ ಸಿಗದ ಗಮನ ಇದಕ್ಕೆ ಸಿಗುವುದು ಆ ಭಯದಿಂದ. ಎಷ್ಟೋ ಸಲ ಉತ್ತರ ಬರೆಯುವ ಮೊದಲೇ ಕೆಲಸ ಶುರುವಾಗಿರುತ್ತದೆ, ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆಯಲು ಅನುಕೂಲವಾಗಲೆಂದು. ನಾಗರಿಕರಿಗೆ ಅದೂ ಲಾಭವೇ.

ಶಾಸಕರು ಸಚಿವರಿಗೆ ಪತ್ರ ಬರೆಯುವುದೂ ಉಂಟು. 2021ರ ನವೆಂಬರ್‌ನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಶವಾಗಾರದಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ದೇಹಗಳು ವರ್ಷಕ್ಕೂ ಮೀರಿ ಉಳಿದುಹೋದದ್ದು ಬೆಳಕಿಗೆ ಬಂತು. ಕ್ಷೇತ್ರದ ಶಾಸಕ ಎಸ್. ಸುರೇಶ್ ಕುಮಾರ್ ರಾಜ್ಯದ ಕಾರ್ಮಿಕ ಸಚಿವರಿಗೆ ಪತ್ರ ಬರೆದು ತನಿಖೆಗೆ ಒತ್ತಾಯಿಸಿದರು. ತುರ್ತಿಗೆ ಪತ್ರವೇ ಸರಿ, ಅಧಿವೇಶನಕ್ಕೆ ಕಾಯಲು ಆಗುವುದಿಲ್ಲ. ಆದರೆ ಪತ್ರಕ್ಕೆ ಉತ್ತರಿಸುವ ಗಡುವಿಲ್ಲ, ಉತ್ತರ ಬಂದರೂ ಅದು ಇಬ್ಬರ ನಡುವೆ ಉಳಿಯುತ್ತದೆ. ಪ್ರಶ್ನೆಯ ಉತ್ತರ ಸದನದ ದಾಖಲೆ. ಇನ್ನೊಂದು ಮಾತು: ಈ ಆಸ್ಪತ್ರೆಯನ್ನು ನಡೆಸುವುದು ಕೇಂದ್ರ ಕಾರ್ಮಿಕ ಸಚಿವಾಲಯದ ಕೆಳಗಿರುವ ನಿಗಮ. ಅದರ ಹಾಸಿಗೆ, ವೈದ್ಯರು, ಖರ್ಚಿನ ಲೆಕ್ಕವನ್ನು ಕೇಳಬೇಕಾದ ಜಾಗ ಸಂಸತ್ತು. ಪಶ್ಚಿಮ ಬೆಂಗಳೂರಿನವರು ಇದನ್ನು ಗಮನಿಸಬೇಕು, ಏಕೆಂದರೆ ನಮ್ಮ ಬಡಾವಣೆಗಳು ಬೇರೆ ಬೇರೆ ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ರಾಜಾಜಿನಗರ ಬೆಂಗಳೂರು ಕೇಂದ್ರದಲ್ಲಿದೆ. ವಿಜಯನಗರ, ಗೋವಿಂದರಾಜನಗರ ದಕ್ಷಿಣದಲ್ಲಿವೆ. ಕೆಂಗೇರಿಯನ್ನು ಒಳಗೊಂಡ ಯಶವಂತಪುರ ಉತ್ತರದಲ್ಲಿದೆ.

ಈಗ ಪ್ರಶ್ನೆಯ ಮಾತಿಗೆ ಬರೋಣ. ಎಲ್ಲ ಬಲವೂ ಅಲ್ಲಿದೆ. ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ಬಿಡಿಸಿರುತ್ತಾರೆ. ನೂರಾರು ಪ್ರಶ್ನೆಗಳು ಒಂದೇ ಧಾಟಿಯಲ್ಲಿ ಶುರುವಾಗುತ್ತವೆ: ‘ವೃಷಭಾವತಿ ಮಲಿನವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರ: ‘ಬಂದಿದೆ.’ ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಉತ್ತರ: ‘ಸೂಕ್ತ ಕ್ರಮ ವಹಿಸಲಾಗುತ್ತಿದೆ.’ ಹೀಗೆ ಕೇಳಿ ಹೀಗೆ ಉತ್ತರ ಪಡೆದರೆ ಯಾರಿಗೂ ಏನೂ ತಿಳಿಯಲಿಲ್ಲ. ಅದೇ ವಿಷಯವನ್ನು ಹೀಗೆ ಕೇಳಿದರೆ? ಈ ಕಣಿವೆಗೆ ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಕೊಳಚೆ ಬರುತ್ತದೆ. ಶುದ್ಧೀಕರಣ ಘಟಕಗಳ ಸಾಮರ್ಥ್ಯ ಎಷ್ಟು. ಕಳೆದ 12 ತಿಂಗಳಲ್ಲಿ ತಿಂಗಳವಾರು ನಿಜವಾಗಿ ಶುದ್ಧವಾದದ್ದು ಎಷ್ಟು. ಶುದ್ಧವಾಗದೆ ಹರಿದದ್ದು ಎಷ್ಟು. ಕೆಂಗೇರಿಯ ಬಳಿ ನೀರಿನ ಮಾದರಿ ಪರೀಕ್ಷಿಸಿದ ದಿನಾಂಕಗಳು ಯಾವುವು, ಫಲಿತಾಂಶವೇನು. ಇದಕ್ಕೆ ‘ಕ್ರಮ ವಹಿಸಲಾಗುತ್ತಿದೆ’ ಎಂದು ಬರೆಯಲು ಬರುವುದಿಲ್ಲ. ಒಂದೋ ಅಂಕಿ ಕೊಡಬೇಕು, ಇಲ್ಲವೇ ಲೆಕ್ಕವಿಟ್ಟಿಲ್ಲವೆಂದು ಒಪ್ಪಬೇಕು. ಕಾರ್ಖಾನೆಗಳ ವಿಷಯ ಪರಿಸರ ಇಲಾಖೆಯದಾದ್ದರಿಂದ ಅದನ್ನು ಬೇರೆ ಪ್ರಶ್ನೆಯಾಗಿ, ಬೇರೆ ಸಚಿವರಿಗೆ ಕೇಳಬೇಕು. ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಇಲಾಖೆಯ ಮಾತು ಇನ್ನೊಂದಕ್ಕೆ ಎಲ್ಲಿ ಹೊಂದುವುದಿಲ್ಲ ಎಂಬುದು ಬಯಲಾಗುತ್ತದೆ.

ಜಾಣ ಶಾಸಕರು ಇನ್ನೊಂದು ಕೆಲಸ ಮಾಡುತ್ತಾರೆ. ಅದೇ ಪ್ರಶ್ನೆಯನ್ನು ಮರುವರ್ಷ ಮತ್ತೆ ಹಾಕುತ್ತಾರೆ. ಕೆಂಗೇರಿಗೆ ಹತ್ತಿರ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಬಿಡಿಎ ಮಾಡುತ್ತಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನೇ ತೆಗೆದುಕೊಳ್ಳಿ. 2010ರ ಅಂತಿಮ ಅಧಿಸೂಚನೆಯಲ್ಲಿ 4,043 ಎಕರೆ. 2016ರಲ್ಲಿ ಮೊದಲ ಕಂತಿನ 5,000 ನಿವೇಶನಗಳ ಹಂಚಿಕೆ. ಸಾಲ ಮಾಡಿ ನಿವೇಶನ ಕೊಂಡವರು ನೀರು, ಒಳಚರಂಡಿ, ರಸ್ತೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು, ಗಡುವುಗಳು ಮುಂದೆ ಸರಿಯುತ್ತಲೇ ಬಂದವು. ಇಂಥಲ್ಲಿ ‘ಯಾವಾಗ ಮುಗಿಯುತ್ತದೆ’ ಎಂದು ಕೇಳಿ ಸುಮ್ಮನಾದರೆ ಸಾಲದು. ಎಷ್ಟು ಎಕರೆ ಕೈಗೆ ಬಂದಿದೆ, ಎಷ್ಟು ನ್ಯಾಯಾಲಯದಲ್ಲಿದೆ, ಗುತ್ತಿಗೆದಾರರಿಗೆ ಈವರೆಗೆ ಪಾವತಿಸಿದ್ದು ಎಷ್ಟು, ದಂಡ ಹಾಕಿದ್ದಾರೆಯೇ ಎಂದು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ಕೇಳಬೇಕು. ಮೂರು ವರ್ಷದ ಉತ್ತರಗಳನ್ನು ಜೋಡಿಸಿದರೆ ಕೆಲಸ ನಡೆದ ವೇಗ ತಾನಾಗಿ ಕಾಣುತ್ತದೆ. ಸಚಿವರು ‘ಇಂಥ ದಿನಾಂಕದೊಳಗೆ ಮಾಡುತ್ತೇವೆ’ ಎಂದು ಸದನದಲ್ಲಿ ಹೇಳಿದರೆ ಅದು ಭರವಸೆಯಾಗುತ್ತದೆ; ಅದನ್ನು ಈಡೇರಿಸಿದರೋ ಇಲ್ಲವೋ ಎಂದು ನೋಡಲು ಸದಸ್ಯರದೇ ಸರ್ಕಾರಿ ಭರವಸೆಗಳ ಸಮಿತಿ ಇದೆ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ದೇಶದ ಹಳೆಯ ಪ್ರಸಂಗವೊಂದಿದೆ. 1957ರಲ್ಲಿ ಜೀವ ವಿಮಾ ನಿಗಮ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಸಿಕ್ಕ ಉತ್ತರದಿಂದ ತೃಪ್ತರಾಗದ ಫಿರೋಜ್ ಗಾಂಧಿ ವಿಷಯವನ್ನು ಬಿಡಲಿಲ್ಲ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಳುವ ಪಕ್ಷದವರೇ ಆಗಿದ್ದರು ಎಂಬುದನ್ನು ಇಂದಿನ ಶಾಸಕರು ನೆನೆಯಬೇಕು.

ನಮ್ಮ ನಾಡಿಗೂ ಈ ಹಕ್ಕು ಸುಲಭವಾಗಿ ಸಿಕ್ಕದ್ದಲ್ಲ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಬಂದ 144 ಮಂದಿ ಅಹವಾಲು ಹೇಳಬಹುದಿತ್ತು, ಅಷ್ಟೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಅದರ ಸದಸ್ಯರಿಗೆ ಪ್ರಶ್ನೆ ಕೇಳುವ, ಆಯವ್ಯಯ ಚರ್ಚಿಸುವ ಅವಕಾಶ ದೊರೆತದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ.

ಪಶ್ಚಿಮ ಬೆಂಗಳೂರಿಗೆ ಇದು ಇಂದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಬೆಂಗಳೂರು ಪಶ್ಚಿಮ ಅವುಗಳಲ್ಲೊಂದು. ಕಾರ್ಪೊರೇಟರ್ ಇಲ್ಲದ ಈ ಕಾಲದಲ್ಲಿ ಮೋರಿ, ಕಸ, ಬೀದಿದೀಪದ ಹಣವನ್ನು ಖರ್ಚು ಮಾಡಿದವರು ಅಧಿಕಾರಿಗಳು. ಅವರನ್ನು ಪ್ರಶ್ನಿಸುವ ಪಾಲಿಕೆ ಸಭೆ ಇರಲಿಲ್ಲ. ಉಳಿದದ್ದು ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರು. ವಾರ್ಡಿನ ಲೆಕ್ಕವನ್ನು ರಾಜ್ಯದ ಸದನದಲ್ಲಿ ಕೇಳುವುದು ಸರಿಯಾದ ವ್ಯವಸ್ಥೆ ಅಲ್ಲ; ಆದರೆ ಬೇರೆ ಸಭೆ ಇಲ್ಲದಿದ್ದಾಗ ಕೇಳದೆ ಬಿಡುವುದು ಇನ್ನೂ ತಪ್ಪು.

ಮಾಹಿತಿ ಹಕ್ಕು ಇದೆಯಲ್ಲ ಎಂದು ಕೆಲವರು ಕೇಳಬಹುದು. 2005ರ ಆ ಕಾಯ್ದೆಯ 8(1)(ಜೆ) ಕಲಮಿನ ಕೊನೆಗೆ ಒಂದು ದೊಡ್ಡ ಮಾತಿತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆ ಕಲಮನ್ನೇ ಬದಲಿಸಿದರು, ಆ ಸಾಲು ಹೋಯಿತು. ಇದು ನಾಗರಿಕರಿಗೆ ಆದ ನಷ್ಟ. ಹೀಗಾಗಿ ಸಾಮಾನ್ಯ ಅರ್ಜಿದಾರರಿಗೆ ಬಾಗಿಲು ಮುಚ್ಚುವ ಕಡೆ ಶಾಸಕರ ಪ್ರಶ್ನೆಗೆ ಈಗ ಹೆಚ್ಚಿನ ಬೆಲೆ ಬಂದಿದೆ.

ಕೊರತೆಗಳೂ ಇವೆ, ಮುಚ್ಚಿಡುವುದು ಬೇಡ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಒಂದು ಸಾಲಿನಲ್ಲಿ ಇಡೀ ಅಧಿವೇಶನ ಕಳೆದುಬಿಡಬಹುದು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಅಷ್ಟು ದಿನ ಸೇರಿಲ್ಲ. ಸದನ ಸೇರದ ದಿನ ಉತ್ತರವೂ ಇಲ್ಲ. ಪ್ರಶ್ನೆಯನ್ನೇ ಮಾರಿಕೊಂಡ ಕೆಟ್ಟ ನಿದರ್ಶನವೂ ಇದೆ: ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ 2005ರ ಡಿಸೆಂಬರ್ 23ರಂದು ಸಂಸತ್ತು ತನ್ನ 11 ಸದಸ್ಯರನ್ನು ಉಚ್ಚಾಟಿಸಿತು. ನಾಗರಿಕರು ಪ್ರಶ್ನೆ ಕೊಡದಿದ್ದರೆ ಆ ಜಾಗಕ್ಕೆ ಸ್ವಾರ್ಥವಿದ್ದವರು ಬಂದು ನಿಲ್ಲುತ್ತಾರೆ ಎಂಬುದನ್ನು ಆ ಪ್ರಕರಣ ತೋರಿಸಿತು.

ಆದ್ದರಿಂದ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಬೀದಿಯ ದೂರನ್ನು ಹೇಳಲು ಶಾಸಕರ ಮನೆಗೆ ಹೋದಾಗ ಅರ್ಜಿಯ ಜೊತೆ ಒಂದು ಪ್ರಶ್ನೆಯನ್ನೂ ಬರೆದು ಕೊಡಿ. ಇಲಾಖೆಯ ಹೆಸರು, ಕಾಮಗಾರಿಯ ಹೆಸರು, ವರ್ಷ, ಬೇಕಾದ ಅಂಕಿ ಇವಿಷ್ಟು ಅದರಲ್ಲಿರಲಿ. ಅ, ಆ, ಇ ಎಂದು ಬಿಡಿಸಿರಲಿ. ನೀವು ಪದವೀಧರ ಕ್ಷೇತ್ರದ ಮತದಾರರಾಗಿದ್ದರೆ ಪರಿಷತ್ತಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. ಅಧಿವೇಶನಕ್ಕೆ ವಾರಗಳ ಮುಂಚೆಯೇ ಕೊಡಿ, ಸೂಚನೆಗೆ ಮುಂಚಿತ ದಿನಗಳು ಬೇಕು. ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ. ನಿಮ್ಮ ಪ್ರಶ್ನೆಗೆ ಬಂದ ಉತ್ತರವನ್ನು ಮುದ್ರಿಸಿ ಬಡಾವಣೆಯ ನಿವಾಸಿಗಳ ಸಂಘದ ಸೂಚನಾ ಫಲಕಕ್ಕೆ ಹಾಕಿ, ಅದರಲ್ಲಿ ಬರೆದ ದಿನಾಂಕ ದಾಟಿದ ಮರುದಿನ ಅದೇ ಶಾಸಕರ ಬಳಿಗೆ ಮತ್ತೆ ಹೋಗಿ.