ಗಾಲಿಯ ಸದ್ದು

ಹೊಳೆನರಸೀಪುರ, ಅರಕಲಗೂಡು ಸೀಮೆಯ ರೈತನು ಬಂಡಿ ಕಿರುಗುಟ್ಟಿದೊಡನೆ ಕೀಲೆಣ್ಣೆ ಹಚ್ಚುತ್ತಿದ್ದನು. ಕಡೆಗೀಲನ್ನೂ ಮುಟ್ಟಿ ನೋಡುತ್ತಿದ್ದನು. ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನಕ್ಕೆ ಎಣ್ಣೆಯೊಂದೇ ಸಾಲದು. ಸದ್ದು ಯಾವಾಗ ಹುಟ್ಟುವುದೆಂಬುದನ್ನು ಮೊದಲು ಗಮನಿಸಬೇಕು. ಬೆಂಗಳೂರಿನ ಎಚ್.ಎ.ಎಲ್. 1958ರಲ್ಲಿ ಹಾರಿಸಿದ ಪುಷ್ಪಕದಂತೆ ಇವುಗಳಲ್ಲಿಯೂ ಅನೇಕಕ್ಕೆ ಕಾಲು ಮಡಚದು. ನೆಲ ಬಿಟ್ಟ ಮೇಲೆ ಗುಡುಗುಟ್ಟಿ, ಬ್ರೇಕು ಒತ್ತಿದೊಡನೆ ನಿಂತರೆ, ಸುತ್ತುತ್ತಿದ್ದ ಗಾಲಿಯ ತೂಕವು ಸಮವಾಗಿಲ್ಲವೆಂದು ಊಹಿಸಬಹುದು. ನೆಲದ ಮೇಲೆ ಓಡುವಾಗ ಕರಕರ ಎಂದರೆ, ವಿಮಾನವನ್ನು ಜಾಕಿನ ಮೇಲೆ ಭದ್ರವಾಗಿ ನಿಲ್ಲಿಸಿ ಗಾಲಿಯನ್ನು ಕೈಯಿಂದ ತಿರುಗಿಸತಕ್ಕದ್ದು: ಬೇರಿಂಗು ಒರಟಾಗಿದೆಯೋ, ಬ್ರೇಕು ಉಜ್ಜುತ್ತಿದೆಯೋ ಬೆರಳಿಗೇ ತಿಳಿಯುವುದು. (ಬ್ರೇಕಿಗೆ ಗ್ರೀಸು ತಾಗಕೂಡದು, ಬಂಡಿಯ ಅಭ್ಯಾಸ ಇಲ್ಲಿ ಅಪಾಯಕರ.) ಇಳಿಯುವಾಗ ಠಣ್ ಎಂಬ ಪೆಟ್ಟಿನ ಸದ್ದೋ, ಅದು ಎಲ್ಲಕ್ಕಿಂತ ಚಿಂತಾಜನಕ. ಕಾಲನ್ನು ಒಡಲಿಗೆ ಬಿಗಿದ ಬೋಲ್ಟು ಸಡಿಲಿರಬಹುದು, ಬೆಸುಗೆ ಬಿರಿದಿರಬಹುದು. ಬಿರುಕು ಬಣ್ಣದಡಿ ಅಡಗಿರುವುದುಂಟು. ಕಾರಣ ಸಿಗುವವರೆಗೆ ಹಾರತಕ್ಕದ್ದಲ್ಲ.