ರೋಗ ಮಿದುಳಿನಲ್ಲಿತ್ತು, ಮಾತಿನಲ್ಲಿರಲಿಲ್ಲ!

ಸೂಕ್ಷ್ಮದರ್ಶಕದ ಕೆಳಗಿದ್ದುದು 101 ವರ್ಷ ತುಂಬಿ ತೀರಿಕೊಂಡ ಕ್ರೈಸ್ತ ಸನ್ಯಾಸಿನಿಯೊಬ್ಬರ ಮಿದುಳಿನ ತೆಳು ಪದರ. ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು, ಕೋಶಗಳ ಒಳಗೆ ಟೌ ಎಂಬ ಪ್ರೋಟೀನಿನ ಸಿಕ್ಕುಗಳು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ವಿವರಿಸಿದ ಅದೇ ಗುರುತುಗಳು, ಅದೂ ಧಾರಾಳವಾಗಿ! ಇಂಥ ಮಿದುಳು ಹೊತ್ತವರು ಆಪ್ತರ ಹೆಸರು ಮರೆತಿರಬೇಕು, ಇದ್ದ ಕೋಣೆಗೇ ದಾರಿ ತಿಳಿಯದೆ ಅಲೆದಿರಬೇಕು. ಆದರೆ ಈ ಸಿಸ್ಟರ್ ಮೇರಿ 84ನೇ ವಯಸ್ಸಿನವರೆಗೆ ಮಕ್ಕಳಿಗೆ ಪಾಠ ಹೇಳಿದವರು. ಸಾವಿಗೆ ಮುನ್ನ ನಡೆದ ನೆನಪಿನ ಪರೀಕ್ಷೆಗಳಲ್ಲೂ ಒಳ್ಳೆಯ ಅಂಕ ತೆಗೆದವರು. ರೋಗ ಮಿದುಳಿನ ತುಂಬ ಇದೆ, ಬದುಕಿನಲ್ಲಿ ಮಾತ್ರ ಎಲ್ಲೂ ಇಲ್ಲ!

ಇದು ಹೇಗೆ ಸಾಧ್ಯ?

ಈ ಒಗಟನ್ನು ಜಗತ್ತಿನ ಮುಂದಿಟ್ಟವರು ಡೇವಿಡ್ ಸ್ನೋಡನ್ ಎಂಬ ಅಮೆರಿಕದ ಸಂಶೋಧಕ. 1986ರಲ್ಲಿ ಅವರು ಮಿನ್ನೆಸೋಟ ರಾಜ್ಯದ ಮ್ಯಾಂಕೇಟೋ ಊರಿನ ಕಾನ್ವೆಂಟಿಗೆ ಹೋದರು. ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಎಲ್ಲರದೂ ಒಂದೇ ಅಡುಗೆಮನೆಯ ಊಟ. ಸಿಗರೇಟಿಲ್ಲ, ಬಸಿರು ಬಾಣಂತನವಿಲ್ಲ. ಒಂದೇ ಬಗೆಯ ಮನೆ, ಒಂದೇ ಬಗೆಯ ವೈದ್ಯಕೀಯ ಆರೈಕೆ, ಹೆಚ್ಚಿನವರಿಗೆ ಶಿಕ್ಷಕಿಯ ಕೆಲಸ. ಇಷ್ಟೆಲ್ಲ ಒಂದೇ ಆಗಿದ್ದೂ ಒಬ್ಬರು ತೊಂಬತ್ತರಲ್ಲಿ ಚುರುಕಾಗಿ ಇಸ್ಪೀಟಾಡುತ್ತಾರೆ, ಇನ್ನೊಬ್ಬರು ಎಪ್ಪತ್ತೈದಕ್ಕೇ ಎಲ್ಲವನ್ನೂ ಮರೆಯುತ್ತಾರೆ ಅಂದರೆ ಕಾರಣ ಬೇರೆಲ್ಲೋ ಇರಲೇಬೇಕು. ಈ ಕಾನ್ವೆಂಟ್ ಸೇರಿದ್ದ ನೊಟ್ರೆ ಡೇಮ್ ಶಾಲಾ ಭಗಿನಿಯರ ಸಂಘದ 678 ಸನ್ಯಾಸಿನಿಯರು ಅಧ್ಯಯನಕ್ಕೆ ಒಪ್ಪಿದರು. ಎಲ್ಲರೂ 75 ದಾಟಿದವರು. ಒಪ್ಪಿದ್ದು ಬರೀ ಪರೀಕ್ಷೆಗಲ್ಲ. ಸತ್ತ ಮೇಲೆ ಮಿದುಳನ್ನೂ ಕೊಡುತ್ತೇವೆಂದು ಅಷ್ಟೂ ಮಂದಿ ಸಹಿ ಹಾಕಿದರು!

ಬೆರಗು ಇಲ್ಲಿಗೇ ಮುಗಿಯಲಿಲ್ಲ. ಕಾನ್ವೆಂಟಿನ ಕಡತಗಳಲ್ಲಿ ಸಂಶೋಧಕರಿಗೆ ನಿಧಿಯೇ ಸಿಕ್ಕಿತು: ಈ ಹೆಂಗಸರು ಇಪ್ಪತ್ತರ ಆಸುಪಾಸಿನಲ್ಲಿ, ಸನ್ಯಾಸ ದೀಕ್ಷೆಗೆ ಮುಂಚೆ, ಕೈಯಾರೆ ಬರೆದುಕೊಟ್ಟಿದ್ದ ಪುಟ್ಟ ಆತ್ಮಕಥೆಗಳು. ಪ್ರತಿ ಹತ್ತು ಪದಗಳಲ್ಲಿ ಎಷ್ಟು ವಿಚಾರಗಳು ಅಡಕವಾಗಿವೆ ಎಂದು ಎಣಿಸಿದರು. ‘ಅಪ್ಪ ಊರಿನಲ್ಲಿ ಹುಟ್ಟಿದರು, ಅಮ್ಮನೂ ಅಲ್ಲೇ ಹುಟ್ಟಿದರು’ ಎಂಬಂಥ ಸಪ್ಪೆ ಬರಹ ಒಂದು ಕಡೆ, ಒಂದೇ ವಾಕ್ಯದಲ್ಲಿ ನಾಲ್ಕಾರು ಸಂಗತಿ ಹೆಣೆದ ಬರಹ ಇನ್ನೊಂದು ಕಡೆ. 1996ರಲ್ಲಿ ಫಲಿತಾಂಶ ಹೊರಬಂದಾಗ ವೈದ್ಯಲೋಕ ಕಣ್ಣರಳಿಸಿತು. ಆತ್ಮಕಥೆ ಸಿಕ್ಕಿದ್ದವರಲ್ಲಿ ಅಷ್ಟರಲ್ಲಿ ತೀರಿಕೊಂಡಿದ್ದ 14 ಮಂದಿಯ ಪೈಕಿ ಸಪ್ಪೆಯಾಗಿ ಬರೆದಿದ್ದವರೆಲ್ಲರ ಮಿದುಳಿನಲ್ಲೂ ಅಲ್ಝೈಮರ್ ಖಚಿತವಾಗಿತ್ತು. ವಿಚಾರ ತುಂಬಿ ಬರೆದಿದ್ದವರಲ್ಲಿ ಒಬ್ಬರಲ್ಲೂ ಇರಲಿಲ್ಲ. ಆ ಬರಹಕ್ಕೂ ಮುಪ್ಪಿನ ಪರೀಕ್ಷೆಗೂ ನಡುವೆ ಸುಮಾರು 58 ವರ್ಷಗಳು!

ಚಿಕ್ಕ ಗುಂಪು, ಸರಿ. ಬರಹ ಕಾಪಾಡಿತೋ, ಮಿದುಳು ಮೊದಲೇ ಗಟ್ಟಿಯಾಗಿದ್ದರಿಂದ ಬರಹ ಹಾಗೆ ಬಂತೋ ಎಂಬ ಪ್ರಶ್ನೆಯೂ ಉಳಿದೇ ಇದೆ. ಆದರೆ ಸಿಸ್ಟರ್ ಮೇರಿಯಂಥವರಿಂದ ಒಂದು ದೊಡ್ಡ ವಿಚಾರಕ್ಕೆ ಬಲ ಬಂತು: ಮಿದುಳಿಗೂ ಒಂದು ಆಪದ್ಧನ ಇರುತ್ತದೆ. ಮುಖ್ಯರಸ್ತೆ ಅಗೆದುಹಾಕಿದ್ದರೂ ಅಡ್ಡರಸ್ತೆಗಳಲ್ಲಿ ನುಗ್ಗಿಸಿ ನಮ್ಮನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಆಟೋದವನಂತೆ, ಹೆಚ್ಚು ದಾರಿ ಬಲ್ಲ ಮಿದುಳು ಹಾಳಾದ ಜಾಗವನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಹಾಗಾದರೆ ಓದು ಬರಹವಿಲ್ಲದವರ ಗತಿ? ಇದಕ್ಕೆ ಉತ್ತರ ಬಂದದ್ದು ನಮ್ಮ ಪಕ್ಕದ ಹೈದರಾಬಾದಿನಿಂದ! ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ, ಅಂದರೆ ಮರೆವಿನ ರೋಗ, ಬಂದ 648 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ರೋಗದ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು! ತೆಲುಗು, ಉರ್ದು, ಹಿಂದಿ ಸಂತೆಯಲ್ಲೂ ಬೀದಿಯಲ್ಲೂ ಕಲಸಿಹೋಗಿರುವ ಊರದು. ಬಾಯಿ ತೆರೆದಾಗಲೆಲ್ಲ ಮಿದುಳು ಒಂದು ನುಡಿಯನ್ನು ಆರಿಸಬೇಕು, ಇನ್ನೊಂದನ್ನು ಹಿಡಿದಿಡಬೇಕು. ದಿನವಿಡೀ ನಡೆಯುವ ಈ ಗರಡಿಗೆ ಫೀಸಿಲ್ಲ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ ಆಡುವ ಮಂಗಳೂರಿನವರು ಇದನ್ನು ಕೇಳಿ ಬೀಗಬಹುದು.

ಆಪದ್ಧನ ಕೂಡಿಡುವುದರ ಜೊತೆಗೆ ಅದು ಸೋರಿಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಸನ್ಯಾಸಿನಿಯರ ಅಧ್ಯಯನವೇ 1997ರಲ್ಲಿ ಇನ್ನೊಂದು ಗುಟ್ಟು ಬಿಚ್ಚಿಟ್ಟಿತು: ಅಲ್ಝೈಮರ್ ಗುರುತುಗಳಿರುವ ಮಿದುಳಿನಲ್ಲಿ ಸಣ್ಣಪುಟ್ಟ ಸ್ಟ್ರೋಕುಗಳೂ ಆಗಿದ್ದರೆ ಮರೆವು ಆವರಿಸುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಅಂದರೆ ಬಿಪಿ ಮಾತ್ರೆ ತಪ್ಪಿಸದಿರುವುದು ನೆನಪಿನ ಕಾವಲೂ ಹೌದು! ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯಗಳನ್ನು ಪಟ್ಟಿ ಮಾಡಿತು. ಸಕ್ಕರೆ ಕಾಯಿಲೆ, ಕೊಬ್ಬು, ಸಿಗರೇಟು, ಒಂಟಿತನ, ಕೂತಲ್ಲೇ ಕೂರುವುದು, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು ಎಲ್ಲವೂ ಅದರಲ್ಲಿವೆ. ಇವೆಲ್ಲವನ್ನೂ ಇಲ್ಲವಾಗಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಹೆಚ್ಚುಕಡಿಮೆ ಅರ್ಧ! ಅಜ್ಜನಿಗೆ ಹಿಯರಿಂಗ್ ಏಡ್ ಕೊಡಿಸುವುದು, ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದು, ಅವರನ್ನು ಸಂಜೆಯ ಹರಟೆಕಟ್ಟೆಗೆ ಕರೆದೊಯ್ಯುವುದು, ಇವೆಲ್ಲ ಮಿದುಳಿನ ಚಿಕಿತ್ಸೆ ಎಂದು ಯಾರು ಭಾವಿಸಿದ್ದರು?

ಇನ್ನೊಂದು ಕಥೆ ನಮ್ಮ ನಾಡಿನಲ್ಲೇ ಈಗ ಬರೆಯಲ್ಪಡುತ್ತಿದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಹಳ್ಳಿಹಳ್ಳಿ ಸುತ್ತುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಎಂಆರ್‌ಐ, ವಂಶವಾಹಿಗಳ ವಿಶ್ಲೇಷಣೆ ಎಲ್ಲ ಉಂಟು. ಮುದ್ದೆ ಉಂಡು, ತೋಟದಲ್ಲಿ ದುಡಿದು, ಕನ್ನಡ ತೆಲುಗು ಎರಡನ್ನೂ ಆಡುವವರ ಮಿದುಳು ಹೇಗೆ ಮಾಗುತ್ತದೆ ಎಂಬುದಕ್ಕೆ ಮಿನ್ನೆಸೋಟದ ಕಾನ್ವೆಂಟಿನಲ್ಲಿ ಉತ್ತರವಿಲ್ಲ, ಇಲ್ಲಿಯೇ ಹುಡುಕಬೇಕು. ರೋಗವಿಲ್ಲದ ರೈತ, ಮನೆಗೆಲಸ ಮುಗಿಸಿ ಬಂದ ತಾಯಿ ತಮ್ಮ ಒಂದು ದಿನದ ಕೂಲಿಯ ಹೊತ್ತನ್ನು ಇದಕ್ಕಾಗಿ ಕೊಡುತ್ತಿದ್ದಾರೆ. ಅವರಿಗೆ ಇದರಿಂದ ನಾಳೆಯೇ ಲಾಭವಿಲ್ಲ. ಅವರ ಮೊಮ್ಮಕ್ಕಳಿಗೆ, ನಿಮ್ಮ ಮೊಮ್ಮಕ್ಕಳಿಗೆ ಇದೆ. ನಿಮ್ಮ ಊರಿಗೂ ಇಂಥ ಅಧ್ಯಯನದವರು ಬಂದು ಒಂದಿಷ್ಟು ಹೊತ್ತು, ಒಂದಿಷ್ಟು ರಕ್ತ ಕೇಳಿದರೆ, ವಿವರವನ್ನೆಲ್ಲ ಕೇಳಿ ತಿಳಿದುಕೊಂಡು, ಧೈರ್ಯವಾಗಿ ಹೂಂ ಅನ್ನಿ!