ಮುಳುಗಿದ ಊರುಗಳ ಕಾದಂಬರಿಕಾರ

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿರುವ ಕುಳಗಿಯನ್ನು ಹೊರಗಿನವರು ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಿಂದಾಗಿ ಬಲ್ಲರು. ಈ ಸೀಮೆಯ ಹಿರಿಯರ ನೆನಪು ಬೇರೆ. ಕಾಳಿ ನದಿಗೆ ಅಡ್ಡಲಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ, ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣ ನೀರಿನಡಿ ಸೇರಿತು. ಕಚೇರಿಗಳು ಜೋಯಿಡಾಕ್ಕೆ ಹೋದವು; ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಮನೆ ಕಟ್ಟಿಕೊಂಡರು. ಇಂಥ ನಾಡಿನ ವಾಚಕರಿಗೆ ನಾ. ಡಿಸೋಜರ ಕಾದಂಬರಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವು ಹುಟ್ಟಿಬಂದ ಬಗೆ ಮಾತ್ರ ತಿಳಿಯತಕ್ಕದ್ದಾಗಿದೆ.

1937ರ ಜೂನ್ 6ರಂದು ಸಾಗರದಲ್ಲಿ ಜನಿಸಿದ ನಾರ್ಬರ್ಟ್ ಡಿಸೋಜರ ಮನೆಮಾತು ಕೊಂಕಣಿ. ಬರವಣಿಗೆಗೆ ಅವರು ಮುಖ್ಯವಾಗಿ ಆರಿಸಿಕೊಂಡದ್ದು ಕನ್ನಡವನ್ನು. ಹೊಟ್ಟೆಪಾಡಿಗೆ ಹಿಡಿದದ್ದು ಲೋಕೋಪಯೋಗಿ ಇಲಾಖೆಯ ನೌಕರಿ. ಆ ನೌಕರಿ ಅವರನ್ನು ಶರಾವತಿ ಯೋಜನೆಯ ನಡುವೆಯೇ ತಂದು ನಿಲ್ಲಿಸಿತು. ಶರಾವತಿಯ ಜನರಿಗೆ ಮುಳುಗಡೆ ಒಮ್ಮೆ ಬಂದು ಹೋದ ವಿಪತ್ತಲ್ಲ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟಿನಿಂದ ಮೊದಲ ಬಾರಿ ನೀರು ಏರಿತು. 1964ರ ಲಿಂಗನಮಕ್ಕಿಯಿಂದ ಮತ್ತೆ ಏರಿತು. ಎರಡನೆಯದು ಮೊದಲಿನ ಅಣೆಕಟ್ಟನ್ನೇ ನುಂಗಿತು! ಬದಲಿ ಭೂಮಿಯ ಹಕ್ಕುಪತ್ರದ ತಕರಾರು ಅರ್ಧ ಶತಮಾನ ಕಳೆದರೂ ತೀರಲಿಲ್ಲ.

ಯೋಜನೆಯನ್ನು ಕಟ್ಟುವ ಸರ್ಕಾರದ ಸಂಬಳ ಪಡೆಯುತ್ತ, ಅದರಿಂದ ನೆಲೆ ತಪ್ಪಿದವರ ಕಥೆ ಬರೆಯುವುದು ಸುಲಭವಾದ ಸ್ಥಿತಿಯೇನೂ ಅಲ್ಲ. ನಮ್ಮ ರಾಜ್ಯದಲ್ಲಿ 1966ರಲ್ಲಿ ಬಂದ ನಡತೆ ನಿಯಮಗಳು ಸರ್ಕಾರದ ಧೋರಣೆಯನ್ನು ನೌಕರನು ಬಹಿರಂಗವಾಗಿ ಟೀಕಿಸುವುದನ್ನು ತಡೆದಿದ್ದವು. ಶುದ್ಧ ಸಾಹಿತ್ಯಕ್ಕೆ ಮಾತ್ರ ಪೂರ್ವಾನುಮತಿ ಬೇಕಿರಲಿಲ್ಲ. ಪತ್ರಿಕೆಗೆ ಖಂಡನೆಯ ಪತ್ರ ಬರೆಯಲಾಗದ ಗುಮಾಸ್ತನೂ ಕಾದಂಬರಿ ಬರೆಯಬಹುದಿತ್ತು. ಕಡತದಲ್ಲಿ ಮುಳುಗುವ ಗದ್ದೆಗೆ ಎಕರೆ, ಗುಂಟೆಗಳ ಲೆಕ್ಕ. ಮನೆಗೆ ಪರಿಹಾರದ ಮೊತ್ತ. ‘ದ್ವೀಪ’ ಕಾದಂಬರಿಯಲ್ಲಿ ಅದೇ ಪರಿಹಾರಕ್ಕಾಗಿ ಕಾಯುತ್ತ, ಸುತ್ತ ನೀರು ಏರುತ್ತಿರುವಾಗ, ಒಂದು ಕುಟುಂಬ ಉಳಿದುಕೊಳ್ಳುತ್ತದೆ. ಕಾಯುವವರ ದಿನಗಳಿಗೆ ಕಡತದಲ್ಲಿ ಅಂಕಣವಿಲ್ಲ. ಡಿಸೋಜರ ಬರವಣಿಗೆಯ ಬಲ ಇರುವುದು ಆ ದಿನಗಳನ್ನು ಅವರು ಬರೆದರೆಂಬುದರಲ್ಲಿ ಎಂದು ನನ್ನ ಎಣಿಕೆ. ‘ಮುಳುಗಡೆ’, ‘ಒಡ್ಡು’ ಎಂಬ ಶೀರ್ಷಿಕೆಗಳೇ ಅವರ ಮನಸ್ಸು ಎತ್ತ ತಿರುಗಿತ್ತೆಂಬುದನ್ನು ಸಾರುತ್ತವೆ.

ಹೀಗೆ ನೌಕರಿಯೊಡನೆ ಬರೆಯುವವನಿಗೆ ಉಳಿಯುವುದು ಬೆಳಗಿನ ಅಥವಾ ರಾತ್ರಿಯ ಒಂದೆರಡು ಗಂಟೆ. ಕಾದಂಬರಿ ತಿಂಗಳುಗಟ್ಟಲೆ ಮೇಜಿನ ಮೇಲಿರುತ್ತದೆ. ಮೊದಲ ಕರಡು, ಕಾಟು ಹೊಡೆದ ಸಾಲುಗಳು, ಅಂಚಿನಲ್ಲಿ ತುರುಕಿದ ವಾಕ್ಯಗಳು. ಬಳಿಕ ಹಾಳೆಯ ಒಂದೇ ಮಗ್ಗುಲಿಗೆ ಅಚ್ಚುಕಟ್ಟಾದ ಪ್ರತಿ. ಜೆರಾಕ್ಸ್ ಇಲ್ಲದ ಕಾಲದಲ್ಲಿ ಆ ಪ್ರತಿ ಅಂಚೆಯಲ್ಲಿ ಕಳೆದುಹೋದರೆ ಕಾದಂಬರಿಯೇ ಹೋದಂತೆ. 1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳು ಕನ್ನಡ ಕಾದಂಬರಿಗೆ ದೊಡ್ಡ ಓದುಗವರ್ಗವನ್ನು ದೊರಕಿಸಿದವು. ಧಾರಾವಾಹಿಗೂ ತನ್ನದೇ ಷರತ್ತುಂಟು: ಪ್ರತಿ ಕಂತೂ ಮುಂದಿನ ವಾರದ ಕುತೂಹಲವನ್ನು ಉಳಿಸಿ ನಿಲ್ಲಬೇಕು. ನಿಧಾನವಾಗಿ ಏರುವ ನೀರನ್ನು ಹಾಗೆ ತುಂಡರಿಸುವುದು ಕಷ್ಟ. ಪುಸ್ತಕವಾಗಲು ಪ್ರಕಾಶಕರು ಬೇಕು. ಮೊಳೆ ಜೋಡಿಸುವವರು, ಕರಡಚ್ಚು ತಿದ್ದುವವರು, ರಟ್ಟು ಕಟ್ಟುವವರು ಬೇಕು. ಅಚ್ಚಾದದ್ದು ಬಹುಮಟ್ಟಿಗೆ ಸಾವಿರ ಪ್ರತಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೆಲವು ನೂರು ಕೊಂಡರೆ ಪ್ರಕಾಶಕರು ಉಸಿರಾಡಿಕೊಂಡಾರು. ಲೇಖಕನ ಗೌರವಧನದ ಸರದಿ ಎಲ್ಲಕ್ಕೂ ಕೊನೆಗೆ.

ಇಲ್ಲಿ ನಮ್ಮ ಸೀಮೆಯ ಇನ್ನೊಂದು ನಂಟನ್ನೂ ಹೇಳಬೇಕು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪಿತವಾಯಿತು. ಈ ಕಾಡುಗಳ ಬಿದಿರು ಅಲ್ಲಿ ಬರೆಯುವ ಹಾಗೂ ಅಚ್ಚಿನ ಕಾಗದವಾಯಿತು. ಕಾಳಿಯ ಕಣಿವೆಯಿಂದ ನಾಡಿಗೆ ವಿದ್ಯುತ್ತು ಹೋಯಿತು, ಕಾಗದ ಹೋಯಿತು. ಸೂಪಾದ ಬೀದಿಗಳು, ಅಂಗಡಿಗಳು, ಬಿಟ್ಟುಬಂದ ಮನೆಗಳ ನೆನಪು ಅದೇ ಕಾಗದದ ಮೇಲೆ ಇಳಿಯಬೇಕಾದ ಕಾಲ ಜಾರುತ್ತಿದೆ. 1980ರ ದಶಕದಲ್ಲಿ ಗಂಟುಮೂಟೆ ಹೊತ್ತು ಬಂದವರು ಇಂದು ಮುಪ್ಪಿನವರು.

ಡಿಸೋಜರ ಪುಸ್ತಕಗಳ ಪ್ರಯಾಣ ಪ್ರಕಟಣೆಯೊಂದಿಗೆ ಮುಗಿಯಲಿಲ್ಲ. ‘ಕಾಡಿನ ಬೆಂಕಿ’ಯನ್ನು ಸುರೇಶ್ ಹೆಬ್ಳೀಕರ್ 1988ರಲ್ಲಿ ಚಲನಚಿತ್ರವಾಗಿಸಿದರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಚಿತ್ರಕ್ಕೆ ರಾಷ್ಟ್ರೀಯ ಶ್ರೇಷ್ಠ ಚಿತ್ರದ ಸ್ವರ್ಣಕಮಲ ದೊರೆಯಿತು. ಕಾದಂಬರಿಯನ್ನು ಸುಶೀಲಾ ಪುನೀತಾ ಇಂಗ್ಲಿಷಿಗೆ ತಂದರು. 2013ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿತು. 2014ರ ಜನವರಿಯಲ್ಲಿ ಮಡಿಕೇರಿಯ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರದಾಯಿತು. ಕೊಂಕಣಿ ಮನೆಮಾತಿನ ಕ್ರೈಸ್ತ ಬಾಂಧವರೊಬ್ಬರು ಆ ಪೀಠದಲ್ಲಿ ಕುಳಿತದ್ದು ನಮಗೆ ಹೆಮ್ಮೆಯ ಸಂಗತಿ. ಅಲ್ಲಿಗೆ ಅವರನ್ನು ಒಯ್ದದ್ದು ಎಲ್ಲ ಮತದ ನಿರಾಶ್ರಿತರ ಕಥೆ ಎಂಬುದು ಅದಕ್ಕಿಂತ ಮಿಗಿಲು. 2025ರ ಜನವರಿ 5ರಂದು ಮಂಗಳೂರಿನಲ್ಲಿ ಅವರು ನಿಧನರಾದರು.

ಅವರು ಮಕ್ಕಳಿಗೂ ಈ ಕಥೆ ಹೇಳಿದ್ದರು. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿಯ ಹೆಸರು ‘ಮುಳುಗಡೆಯ ಊರಿಗೆ ಬಂದವರು’. ಸೂಪಾದವರ ಮೊಮ್ಮಕ್ಕಳು ಓದುತ್ತಿರುವ ರಾಮನಗರ, ಜೋಯಿಡಾ, ಕುಳಗಿ ಕಡೆಯ ಶಾಲೆಗಳ ಕಪಾಟಿನಲ್ಲಿ ಅದರ ಒಂದು ಪ್ರತಿಯಾದರೂ ಇದೆಯೆ ಎಂದು ಗುರುಗಳು ಒಮ್ಮೆ ನೋಡಬೇಕು.